ಪಟ್ಟಿಯಲ್ಲಿ ಹೆಸರು, ಬೆಂಗಳೂರಲ್ಲಿ ಮಾಣಿ

ನಾನಿರುವ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ಮುಪ್ಪು ಬಂದಿದೆ ಎನ್ನಲು ಇಲ್ಲಿಯವರು ಒಂದು ಲೆಕ್ಕ ಮುಂದಿಡುತ್ತಾರೆ. ಎಷ್ಟು ವಯಸ್ಸು ದಾಟಿದ ಮೇಲೆ ಮತದಾರ ಎದುರಾಳಿ ಲೇಬರ್ ಪಕ್ಷಕ್ಕಿಂತ ಕನ್ಸರ್ವೇಟಿವ್ ಕಡೆಗೆ ಹೆಚ್ಚು ವಾಲುತ್ತಾನೆ ಎಂಬ ಲೆಕ್ಕ. ಯೂಗವ್ ಸಮೀಕ್ಷೆಯಂತೆ ಅದು 2017ರಲ್ಲಿ 47, 2019ರಲ್ಲಿ 39, 2024ರಲ್ಲಿ 63. ಆ 2024ರಲ್ಲಿ ಪಕ್ಷಕ್ಕೆ ದಕ್ಕಿದ್ದು 121 ಸ್ಥಾನ, ಅದರ ಚರಿತ್ರೆಯಲ್ಲೇ ಅತಿ ಕಡಿಮೆ.

ಇದನ್ನು ಹಿಡಿದುಕೊಂಡು, ನಮ್ಮೂರ ಕಡೆ ಬಿಜೆಪಿಗೂ ನಾಳೆ ಇದೇ ಗತಿ ಎಂದು ಹೊರನಾಡ ಕನ್ನಡಿಗರ ನಡುವೆ ಮಾತು ಬರುತ್ತದೆ. ಹೋಲಿಕೆ ಅಷ್ಟು ಸಲೀಸಲ್ಲ. ಇಲ್ಲಿಯ ಹರೆಯದವರು ಪಕ್ಷ ಬಿಟ್ಟರು, ಉತ್ತರ ಕನ್ನಡದ ಹರೆಯದವರು ಊರು ಬಿಟ್ಟರು. ಎರಡರ ಫಲ ಬೇರೆ.

ಇಲ್ಲಿ ಬಿಟ್ಟದ್ದಕ್ಕೆ ದೊಡ್ಡ ಕಾರಣ ಮನೆ. ಸ್ವಂತ ಮನೆ, ಒಂದಿಷ್ಟು ಉಳಿತಾಯ ಆದವನು ಇದ್ದದ್ದು ಹಾಗೇ ಇರಲಿ ಎನ್ನುವ ಪಕ್ಷಕ್ಕೆ ಮತ ಹಾಕುತ್ತಾನೆ ಎಂಬುದು ಹಳೆಯ ಸೂತ್ರ. ಆದರೆ ಬಡಾವಣೆಯ ಪಕ್ಕ ಹೊಸ ಮನೆ ಕಟ್ಟುವುದಕ್ಕೆ ಅಡ್ಡ ನಿಲ್ಲುವವರು ಅದೇ ಪಕ್ಷದ ಹಿರಿಯ ಮತದಾರರು. 2022ರ ಕೊನೆಗೆ ಪಕ್ಷದೊಳಗಿನ ಸಂಸದರೇ ತಿರುಗಿಬಿದ್ದು, ಸ್ಥಳೀಯ ಸಂಸ್ಥೆಗಳಿಗಿದ್ದ ಮನೆ ಕಟ್ಟುವ ಗುರಿಯನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದರು. ಇನ್ನೊಂದು ಕಡೆ ಪಿಂಚಣಿಗೆ ಮೂರು ಬೀಗದ ಭದ್ರತೆ: ಸಂಬಳದ ಏರಿಕೆ, ಬೆಲೆಯೇರಿಕೆ, ಶೇ. 2.5, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಏರಿಕೆ. ಮೂವತ್ತೈದಾದರೂ ಬಾಡಿಗೆ ಕೋಣೆಯಲ್ಲಿ ಇರುವವನಿಗೆ ಅದರಲ್ಲಿ ಏನೂ ಇಲ್ಲ. 2024ರ ಚುನಾವಣೆಯ ಹೊಸ್ತಿಲಲ್ಲಿ ಪಕ್ಷ ಹದಿನೆಂಟರ ಹುಡುಗರಿಗೆ ಕೊಡುತ್ತೇನೆಂದದ್ದು ಕಡ್ಡಾಯ ರಾಷ್ಟ್ರಸೇವೆ! ಮತಗಟ್ಟೆಯಲ್ಲಿ ತೋರಿಸುವ ಗುರುತಿನ ಚೀಟಿಯ ನಿಯಮ ನೋಡಿದರೂ ಇದೇ ಕಥೆ. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಹರೆಯದವರ ರೈಲು ರಿಯಾಯಿತಿ ಕಾರ್ಡ್ ನಡೆಯುವುದಿಲ್ಲ.

ಈಗ ಘಟ್ಟದ ಮೇಲೆ ಬನ್ನಿ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳಲ್ಲಿ ಆಸ್ತಿ ಇದೆ, ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಬೆಟ್ಟ ಇದೆ, ಸೊಸೈಟಿಯಲ್ಲಿ ಷೇರು ಇದೆ. ಉಳಿಸಿಕೊಳ್ಳುವುದಕ್ಕೆ ಬೇಕಾದಷ್ಟಿದೆ, ಉಳಿಸಿಕೊಳ್ಳುವವರು ಎಪ್ಪತ್ತರ ಆಸುಪಾಸಿನವರು. "ಮಾಣಿ ಬೆಂಗ್ಳೂರಲ್ಲಿ ಇದ್ದ, ವೋಟಿಗೆ ಬತ್ತ" (ಹುಡುಗ ಬೆಂಗಳೂರಲ್ಲಿದ್ದಾನೆ, ವೋಟಿಗೆ ಬರುತ್ತಾನೆ) ಎನ್ನುವುದು ಕೇರಿಯ ಮಾಮೂಲಿ ಮಾತು. ಘಟ್ಟದ ಕೆಳಗೆ ಅದು ಉಲ್ಟಾ. ಅಂಕೋಲಾ, ಹೊನ್ನಾವರ, ಭಟ್ಕಳದ ಎಷ್ಟೋ ಕುಟುಂಬಗಳು ಅರಣ್ಯ ಜಾಗದಲ್ಲಿ ಮನೆ ಕಟ್ಟಿಕೊಂಡು ಪಟ್ಟಾಕ್ಕೆ ಕಾಯುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಸಾಕ್ಷ್ಯ ಕೇಳುತ್ತದೆ. ಅಜ್ಜನ ಕಾಲದ ಕಾಗದ ಎಲ್ಲಿಂದ ತರುವುದು? ಪಟ್ಟಾ ಇಲ್ಲದಿದ್ದರೆ ಬ್ಯಾಂಕು ಮನೆ ಸಾಲ ಕೊಡುವುದಿಲ್ಲ. ಹುಡುಗ ಗೋವಾಕ್ಕೋ ಕೊಲ್ಲಿ ದೇಶಕ್ಕೋ ಹೋಗುತ್ತಾನೆ. ಲಂಡನ್ನಿನ ಬಾಡಿಗೆದಾರನಿಗೆ ಹತ್ತಿರದವನು ಇವನೇ, ಆದರೆ ಅಷ್ಟಕ್ಕೇ ಈತ ಬಿಜೆಪಿಗೆ ಬೆನ್ನು ಹಾಕಿಲ್ಲ. 2014ರಲ್ಲಿ ದೇಶದಾದ್ಯಂತ ಹೊಸ ಮತದಾರರು ಆ ಪಕ್ಷದ ಕಡೆಗೇ ಹೆಚ್ಚು ವಾಲಿದ್ದರೆಂದು ಲೋಕನೀತಿ ಸಮೀಕ್ಷೆ ಹೇಳಿತ್ತು. ಟೋರಿಗಳು, ಅಂದರೆ ಕನ್ಸರ್ವೇಟಿವ್‌ನವರು, ಕನಸಿನಲ್ಲೂ ಕಾಣದ ಭಾಗ್ಯ ಅದು.

ಹಾಗಾದರೆ ಬದಲಾಗುತ್ತಿರುವುದು ಏನು? 2023ರ ಮೇ ಮತ್ತು 2024ರ ಮೇ ತಿಂಗಳನ್ನು ಪಕ್ಕಪಕ್ಕ ಇಡಿ. ವಿಧಾನಸಭೆಯಲ್ಲಿ ಜಿಲ್ಲೆಯ ಆರರಲ್ಲಿ ನಾಲ್ಕು ಕಾಂಗ್ರೆಸ್ಸಿಗೆ, ಕುಮಟಾ ಮತ್ತು ಯಲ್ಲಾಪುರ ಮಾತ್ರ ಬಿಜೆಪಿಗೆ. ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಶಿರಸಿಯಲ್ಲಿ ಭೀಮಣ್ಣ ನಾಯ್ಕರೆದುರು ಸೋತರು. ಒಂದೇ ವರ್ಷದಲ್ಲಿ ಅದೇ ಕಾಗೇರಿ ಲೋಕಸಭೆಗೆ 3 ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಲೋಕಸಭಾ ಕ್ಷೇತ್ರಕ್ಕೆ ಬೆಳಗಾವಿಯ ಖಾನಾಪುರ, ಕಿತ್ತೂರು ಸೇರುತ್ತವೆ, ಆ ಬಾಬ್ತು ಕಳೆದರೂ ತಿರುವು ದೊಡ್ಡದೇ. ದಿಲ್ಲಿಗೆ ಒಂದು ಮತ, ಊರಿನ ಕೆಲಸಕ್ಕೆ ಇನ್ನೊಂದು ಮತ ಎಂದು ಬೇರೆ ಬೇರೆ ತೂಗಲು ಮತದಾರ ಕಲಿತಿದ್ದಾನೆ. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದಾಗ, ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ ಎಂದು ಜಾಲತಾಣದಲ್ಲಿ ಕೂಗು ಎಬ್ಬಿಸಿದವರಲ್ಲಿ ಊರು ಬಿಟ್ಟವರೂ ಇದ್ದರು. ಹಿರಿಯರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುವ ಫೋನು ಬರುವುದು ಅವರಿಗೇ ತಾನೆ.

ಪಕ್ಷ ಇದಕ್ಕೆ ಕೊಟ್ಟ ಉತ್ತರ ಕುತೂಹಲದ್ದು. ಮೂವತ್ತು ತುಂಬುವ ಮೊದಲೇ, 1996ರಲ್ಲಿ ಸಂಸದರಾದ ಅನಂತಕುಮಾರ ಹೆಗಡೆ (ಹುಟ್ಟಿದ್ದು 1968) ಅವರಿಗೆ 2024ರಲ್ಲಿ ಟಿಕೆಟ್ ತಪ್ಪಿಸಿ, 1961ರಲ್ಲಿ ಹುಟ್ಟಿದ ಕಾಗೇರಿಯವರಿಗೆ ಕೊಟ್ಟರು. ವಯಸ್ಸು ಏರಿತು, ಮಾತಿನ ಬಿರುಸು ಇಳಿಯಿತು. ಪೀಳಿಗೆ ಬದಲಿಸದೆ ಧಾಟಿ ಬದಲಿಸುವ ಈ ಉಪಾಯ ದಿಲ್ಲಿಯಲ್ಲಿ ತೀರ್ಮಾನವಾಗುವ ಪಕ್ಷಕ್ಕೆ ಮಾತ್ರ ಸಾಧ್ಯ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕನ ಕೊನೆಯ ಆಯ್ಕೆ ಚಂದಾ ಕಟ್ಟಿದ ಸದಸ್ಯರದು, ಅವರಲ್ಲಿ ತಲೆ ನರೆತವರೇ ಬಹಳ. 2022ರಲ್ಲಿ ಅವರು 60,399ರ ಎದುರು 81,326 ಮತ ಕೊಟ್ಟು ಆರಿಸಿದ ಲಿಜ್ ಟ್ರಸ್ ಏಳು ವಾರಕ್ಕೆ ಮನೆಗೆ ಹೋದರು. (ಕಾಂಗ್ರೆಸ್ಸಿನವರು ನಗಬೇಕಿಲ್ಲ, ಹಳಿಯಾಳದಲ್ಲಿ ಅವರ ಆಸರೆ 1947ರಲ್ಲಿ ಹುಟ್ಟಿದ ಆರ್.ವಿ. ದೇಶಪಾಂಡೆ.)

ಪೀಳಿಗೆಯ ಬದಲಾವಣೆಯನ್ನು ಅಳೆಯುವ ರೀತಿಯೂ ಎರಡು ಕಡೆ ಬೇರೆ. ಬ್ರಿಟನ್ನಿನ ಮತದಾರರ ಪಟ್ಟಿಯಲ್ಲಿ ವಯಸ್ಸು ಇರುವುದಿಲ್ಲ, ಎಣಿಕೆಗೆ ಮುಂಚೆ ಬೇರೆ ಬೇರೆ ಮತಗಟ್ಟೆಯ ಚೀಟಿಗಳನ್ನು ಕಲಸಿಬಿಡುತ್ತಾರೆ. ಹಾಗಾಗಿ ಸಮೀಕ್ಷೆಯೇ ಗತಿ. ನಮ್ಮಲ್ಲಿ ಪಟ್ಟಿಯಲ್ಲೇ ವಯಸ್ಸು ಇದೆ, ಫಾರಂ 20ರಲ್ಲಿ ಬೂತ್‌ವಾರು ಮತ ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ನಿಮ್ಮ ಭಾಗದ ಪಟ್ಟಿ ಇಳಿಸಿಕೊಳ್ಳಿ. ಪುಟಕ್ಕೆ ಮೂವತ್ತು ಹೆಸರು. ಮೂವತ್ತರ ಒಳಗಿನವರು, ಅರವತ್ತು ದಾಟಿದವರು, ನಡುವಿನವರು ಎಂದು ಗೀಟು ಹಾಕುತ್ತ ಹೋದರೆ ಒಂದು ಬೂತಿಗೆ ಒಂದು ಸಂಜೆ ಸಾಕು. ಆಮೇಲೆ ಊರಲ್ಲಿ ಇರುವವರು ಯಾರೆಂದು ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಅಥವಾ ಹಾಲು ಡೇರಿಯವರನ್ನು ಕೇಳಿ ಇನ್ನೊಂದು ಗೀಟು. ಆಗ 2023 ಮತ್ತು 2024ರ ಫಾರಂ 20 ಎದುರಿಗಿಟ್ಟುಕೊಳ್ಳಿ. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ಎರಡು ಚುನಾವಣೆಯ ನಡುವೆ ಬೂತ್ ಸಂಖ್ಯೆ ಬದಲಾಗಿರುತ್ತದೆ, ಅಂಚೆ ಮತ ಬೂತಿಗೆ ಹಂಚಿಕೆಯಾಗದೆ ಕೊನೆಯಲ್ಲಿ ಇಡಿಯಾಗಿ ಸೇರುತ್ತದೆ. ಸಂಖ್ಯೆ ನೋಡಿ ಹೋಲಿಸಬೇಡಿ, ಶಾಲೆಯ ಹೆಸರು ನೋಡಿ.

ಬಿಜೆಪಿಯ ಪೇಜ್ ಪ್ರಮುಖ ವ್ಯವಸ್ಥೆ ನಿಂತಿರುವುದು ಇದೇ ಮೂವತ್ತು ಹೆಸರಿನ ಪುಟದ ಮೇಲೆ. ಒಂದು ಪುಟಕ್ಕೆ ಒಬ್ಬ, ಅವನು ಆ ಮೂವತ್ತು ಜನರ ಮನೆ ಬಾಗಿಲಿಗೆ ಹೋಗಬೇಕು. ಪುಟದಲ್ಲಿ ಹತ್ತು ಹೆಸರು ಬೆಂಗಳೂರಲ್ಲಿದ್ದರೆ, ಪ್ರಮುಖನೇ ಅರವತ್ತೈದರವನಾದರೆ, ಆ ಕೆಲಸ ವಾಟ್ಸಾಪಿಗೆ ಇಳಿಯುತ್ತದೆ. ವಾಟ್ಸಾಪಿನಲ್ಲಿ ದಿಲ್ಲಿಯ ಸುದ್ದಿ ನಡೆಯುತ್ತದೆ, ಕೆರೆ ಕಾಲುಸಂಕದ ಸುದ್ದಿ ನಡೆಯುವುದಿಲ್ಲ. ಪಕ್ಷದ ಲೋಕಸಭೆಯ ಬಲಕ್ಕೂ ವಿಧಾನಸಭೆಯ ಸೊರಗಿಗೂ ಇದೊಂದು ಕಾರಣ ಎಂದು ನನ್ನ ಅನಿಸಿಕೆ. ಟೋರಿಗಳ ಹಾಗೆ ಮತದಾರರನ್ನು ಕಳೆದುಕೊಳ್ಳುವ ಮೊದಲೇ ಅದು ಕಾರ್ಯಕರ್ತರನ್ನು ಕಳೆದುಕೊಳ್ಳುತ್ತದೆ. ಊರಲ್ಲಿ ಉಳಿದ ಹರೆಯದವರು ಹೆಚ್ಚಾಗಿ ಕರಾವಳಿಯವರು, ತೋಟವಿಲ್ಲದವರು. ನಾಳೆ ಪುಟ ಹಿಡಿಯುವವರು ಅವರೇ ಆದರೆ, ಟಿಕೆಟ್ ಕೇಳುವವರೂ ಅವರೇ. ಅಡಿಕೆ ಆಮದಿನ ಚಿಂತೆಗಿಂತ ಪಟ್ಟಾ, ಬಂದರು, ಆಸ್ಪತ್ರೆ ಮೊದಲಾಗುತ್ತದೆ.

ಹೊರಗಿರುವವರ ಮತ ಈ ಬದಲಾವಣೆಯನ್ನು ತಡೆಹಿಡಿದಿದೆ, ಎಷ್ಟು ದಿನವೋ. ಬ್ರಿಟನ್ನಿನಲ್ಲಿ ಅಂಚೆ ಮತ ಕೇಳಿದವರಿಗೆಲ್ಲ ಸಿಗುತ್ತದೆ, ಭಾರತೀಯ ಪಾಸ್‌ಪೋರ್ಟ್ ಇದ್ದೂ ಲಂಡನ್ನಿನ ಹ್ಯಾರೋದಲ್ಲಿ ವಾಸವಿರುವವನು ಬ್ರಿಟನ್ನಿನ ಸಂಸತ್ತಿಗೆ ಮತ ಹಾಕಬಹುದು. ಅವನೇ ಹೊನ್ನಾವರದಲ್ಲಿ ಮತ ಹಾಕಬೇಕೆಂದರೆ ಫಾರಂ 6ಎ ತುಂಬಿ, ಪಾಸ್‌ಪೋರ್ಟ್ ಹಿಡಿದು ಬೂತಿಗೇ ಬರಬೇಕು. ಬೆಂಗಳೂರಿನ ಮಾಣಿಗೂ ಅಂಚೆ ಮತ ಇಲ್ಲ. 2023ರ ಮತದಾನ ಬುಧವಾರ, 2024ರದ್ದು ಮಂಗಳವಾರ, ಎರಡೂ ರಜೆ ಜೋಡಿಸಿಕೊಳ್ಳಲು ಆಗದ ದಿನಗಳು. ಕುಮಟಾದಲ್ಲಿ 2023ರಲ್ಲಿ ಬಿಜೆಪಿ ಗೆದ್ದದ್ದು 676 ಮತದಿಂದ. ಒಂದು ಸ್ಲೀಪರ್ ಬಸ್ಸಿಗೆ ಮೂವತ್ತಾರು ಜನ ಎಂದು ಹಿಡಿದರೆ ಹತ್ತೊಂಬತ್ತು ಬಸ್ಸು. ಅವರೆಲ್ಲ ಫಾರಂ 8 ತುಂಬಿ ಹೆಸರನ್ನು ಬೆಂಗಳೂರಿಗೆ ವರ್ಗಾಯಿಸಿಕೊಂಡ ವರ್ಷ, ಊರಿನ ಪುಟದಲ್ಲಿ ಉಳಿದವರೇ ಅಭ್ಯರ್ಥಿಯನ್ನು ತೂಗುತ್ತಾರೆ.