ಸಹಿ ಹಾಕಿದ ಮಾತು, ಮನಸ್ಸಿನ ಮಾತು

ಮೂಲಭೂತವಾದಿ ಎಂಬ ಹೆಸರನ್ನು ಇಂದು ಯಾರೂ ತಮಗೆ ತಾವೇ ಇಟ್ಟುಕೊಳ್ಳುವುದಿಲ್ಲ; ಅದು ಎದುರಾಳಿಗೆ ಹಚ್ಚುವ ಹೆಸರು. ಆದರೆ 1920ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್ ಅದನ್ನು ಮೊದಲು ಬಳಸಿದಾಗ ಅದು ಅಭಿಮಾನದ ಹೆಸರಾಗಿತ್ತು. ಕ್ರೈಸ್ತ ವಿಶ್ವಾಸದ ಬುಡದಲ್ಲಿರುವ ಸತ್ಯಗಳಿಗಾಗಿ ಹೋರಾಡಲು ಸಿದ್ಧರಿರುವವರು ಎಂಬುದು ಅದರ ಅರ್ಥ. ಉತ್ತರ ಕರ್ನಾಟಕದ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯಲ್ಲಿ ಬೆಳೆದ ನಾನು ಈ ನೂರು ವರ್ಷ ಹಳೆಯ ಅಮೆರಿಕದ ಜಗಳವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಪಾದ್ರಿ ತಾನು ಒಪ್ಪಿದ ಮಾತನ್ನು ಒಳಗೊಳಗೇ ಬೇರೆ ಅರ್ಥದಲ್ಲಿ ಹೇಳಬಹುದೇ ಎಂದು ಆ ಜಗಳದಲ್ಲಿ ಕೇಳಿದ ಪ್ರಶ್ನೆಗೆ ಮೂಲಭೂತವಾದಿಗಳೂ ಅವರ ಎದುರಾಳಿಗಳಾದ ಉದಾರವಾದಿಗಳೂ ಉತ್ತರ ಕೊಡಲಿಲ್ಲ. ನಮ್ಮ ಸಭೆಗಳಲ್ಲಿ ಆ ಪ್ರಶ್ನೆಯನ್ನು ಕೇಳುವುದೂ ಇಲ್ಲ.

1910ರಿಂದ 1915ರವರೆಗೆ ಪೆಟ್ರೋಲಿಯಂ ಉದ್ಯಮಿ ಲೈಮನ್ ಸ್ಟೂವರ್ಟ್ ಮತ್ತು ಅವರ ಸಹೋದರ ಮಿಲ್ಟನ್ ಸ್ವಂತ ಹಣದಿಂದ 'ದಿ ಫಂಡಮೆಂಟಲ್ಸ್' ಎಂಬ 12 ಸಂಪುಟಗಳನ್ನು ಅಚ್ಚು ಹಾಕಿಸಿ, ಸುಮಾರು 30 ಲಕ್ಷ ಪ್ರತಿಗಳನ್ನು ಪಾದ್ರಿಗಳಿಗೂ ಮಿಷನರಿಗಳಿಗೂ ಸಂಡೇ ಸ್ಕೂಲಿನ ಮುಖ್ಯಸ್ಥರಿಗೂ ಉಚಿತವಾಗಿ ಹಂಚಿಸಿದರು. ಆ ಸಂಪುಟಗಳನ್ನು ಓದದೆ ಅವನ್ನು ಹಳಿಯುವವರೇ ಹೆಚ್ಚು. ಅವುಗಳಲ್ಲಿ ಬರೆದ ಸ್ಕಾಟ್ಲೆಂಡಿನ ಜೇಮ್ಸ್ ಆರ್, ಜೀವವಿಕಾಸವನ್ನು ದೇವರ ಕೆಲಸದ ಒಂದು ರೀತಿಯೆಂದು ಒಪ್ಪಲು ಅಡ್ಡಿಯಿಲ್ಲವೆಂದು ತಿಳಿದವರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1925ರ ಜುಲೈನಲ್ಲಿ, ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ಅದೇ ಜೀವವಿಕಾಸವನ್ನು ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ 100 ಡಾಲರ್ ದಂಡ ವಿಧಿಸಲಾಯಿತು. ಆ ಮೊಕದ್ದಮೆ ಎಲ್ಲರಿಗೂ ಗೊತ್ತು. ನಿಜವಾದ ಜಗಳ ಕೋರ್ಟಿನಲ್ಲಿ ನಡೆಯಲಿಲ್ಲ, ಸಭೆಯೊಳಗೆ ನಡೆಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಮೆರಿಕದ ಪ್ರೊಟೆಸ್ಟಂಟ್ ಪಂಗಡವಾದ ಪ್ರೆಸ್ಬಿಟೇರಿಯನ್ನರ ಮಹಾಸಭೆ 1910ರಲ್ಲಿ ಐದು ಅಂಶಗಳನ್ನು ಅತ್ಯಗತ್ಯವೆಂದು ಘೋಷಿಸಿತು: ಸತ್ಯವೇದದಲ್ಲಿ ತಪ್ಪಿಲ್ಲ ಎಂಬುದು, ಕ್ರಿಸ್ತನು ಕನ್ಯೆಯಲ್ಲಿ ಹುಟ್ಟಿದ್ದು, ನಮ್ಮ ಪಾಪಗಳಿಗೆ ಬದಲಾಗಿ ತನ್ನನ್ನು ಅರ್ಪಿಸಿಕೊಂಡದ್ದು, ಅದೇ ದೇಹದಿಂದ ಎದ್ದು ಬಂದದ್ದು, ಮತ್ತು ಆತನ ಅದ್ಭುತಕಾರ್ಯಗಳು. ಈ ಘೋಷಣೆಯನ್ನು 1916ರಲ್ಲಿಯೂ 1923ರಲ್ಲಿಯೂ ಪುನಃ ದೃಢಪಡಿಸಲಾಯಿತು. ನಡುವೆ, 1922ರ ಮೇ 21ರಂದು, ನ್ಯೂಯಾರ್ಕಿನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಹ್ಯಾರಿ ಎಮರ್ಸನ್ ಫಾಸ್ಡಿಕ್ ಎಂಬ ಬ್ಯಾಪ್ಟಿಸ್ಟ್ ಪ್ರಸಂಗಿ, ಮೂಲಭೂತವಾದಿಗಳು ಗೆಲ್ಲಬೇಕೇ ಎಂದು ಪ್ರಸಂಗಪೀಠದಿಂದಲೇ ಕೇಳಿದರು. ಕನ್ಯೆಯಲ್ಲಿ ಹುಟ್ಟಿದ್ದನ್ನು ಅಕ್ಷರಶಃ ನಂಬುವವರಿಗೂ ನಂಬದವರಿಗೂ ಒಂದೇ ಸಭೆಯಲ್ಲಿ ಸ್ಥಳವಿರಬೇಕು ಎಂಬುದು ಅವರ ವಾದ. ಆ ಪ್ರಸಂಗದ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ದೇಶದ ತುಂಬ ಹೋದವು; ಖರ್ಚನ್ನು ವಹಿಸಿಕೊಂಡವರು ಪೆಟ್ರೋಲಿಯಂ ಸಿರಿವಂತ ರಾಕ್‌ಫೆಲ್ಲರ್. ಹೀಗೆ ಎರಡು ಕಡೆಯ ಅಚ್ಚಿನ ಖರ್ಚೂ ಪೆಟ್ರೋಲಿಯಂ ಹಣದಿಂದಲೇ ನಡೆಯಿತು.

ಫಾಸ್ಡಿಕ್ ಅವರ ಸಹನೆಯ ಕರೆ ನನಗೆ ಪ್ರಿಯವಾದದ್ದು. ಆದರೆ ಅದಕ್ಕೆ ಬಂದ ಅತ್ಯಂತ ಗಟ್ಟಿ ಉತ್ತರವನ್ನು ನಾನು ಬದಿಗೆ ಸರಿಸಲಾರೆ. ಪ್ರಿನ್ಸ್‌ಟನ್ ಸೆಮಿನರಿಯಲ್ಲಿ ಹೊಸ ಒಡಂಬಡಿಕೆಯನ್ನು ಕಲಿಸುತ್ತಿದ್ದ ಜಾನ್ ಗ್ರೆಶಮ್ ಮೇಚನ್ 1923ರಲ್ಲಿ ಒಂದು ಪುಸ್ತಕ ಬರೆದು, ವಿಶ್ವಾಸವನ್ನು ಹೊಸ ಕಾಲದ ವಿಚಾರಕ್ಕೆ ಹೊಂದಿಸುವ ಉದಾರವಾದವು (ಆಧುನಿಕತಾವಾದ ಎಂದೂ ಕರೆಯುತ್ತಾರೆ) ಕ್ರೈಸ್ತ ಧರ್ಮದ ಒಂದು ಬಗೆಯಲ್ಲ, ಅದು ಬೇರೆಯೇ ಧರ್ಮ ಎಂದರು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಹಿಂದಿದ್ದ ಪ್ರಶ್ನೆ ಪ್ರಾಮಾಣಿಕವಾದದ್ದು: ದೀಕ್ಷೆ ಪಡೆಯುವಾಗ ಸಭೆಯ ವಿಶ್ವಾಸಪ್ರಮಾಣವನ್ನು ಒಪ್ಪುತ್ತೇನೆಂದು ದೇವರ ಮುಂದೆ ಮಾತು ಕೊಟ್ಟ ಪಾದ್ರಿ, ಅದೇ ಪದಗಳನ್ನು ಒಳಗೊಳಗೇ ಬೇರೆ ಅರ್ಥದಲ್ಲಿ ಹೇಳುತ್ತ, ಕೇಳುವವರಿಗೆ ಅದನ್ನು ತಿಳಿಸದೆ, ಆ ಪೀಠದಲ್ಲಿ ನಿಲ್ಲಬಹುದೇ? 1924ರಲ್ಲಿ 1,200ಕ್ಕೂ ಹೆಚ್ಚು ಪ್ರೆಸ್ಬಿಟೇರಿಯನ್ ಪಾದ್ರಿಗಳು ಆಬರ್ನ್ ಹೇಳಿಕೆಗೆ ಸಹಿ ಹಾಕಿ, ಆ ಐದು ಅಂಶಗಳು ವಿಶ್ವಾಸದ ಸಂಗತಿಗಳನ್ನು ವಿವರಿಸುವ ಸಿದ್ಧಾಂತಗಳು ಮಾತ್ರ, ಅವನ್ನೇ ಎಲ್ಲರ ಮೇಲೆ ಹೇರಲಾಗದು ಎಂದರು. ನಿಯಮದ ದೃಷ್ಟಿಯಿಂದ ಅವರ ಮಾತು ಸರಿಯಾಗಿತ್ತು. ಮೇಚನ್ ಕೇಳಿದ್ದು ಮಾತ್ರ ನಿಯಮವನ್ನಲ್ಲ, ಮನಸ್ಸಾಕ್ಷಿಯನ್ನು.

ಮೇಚನ್ ಅವರನ್ನು ಕಲ್ಲುಮನಸ್ಸಿನವರೆಂದು ಚಿತ್ರಿಸುವವರು 1905ರಲ್ಲಿ ಅವರು ಜರ್ಮನಿಯ ಮಾರ್ಬುರ್ಗಿಗೆ ಓದಲು ಹೋದದ್ದನ್ನು ಮರೆಯುತ್ತಾರೆ. ಅಲ್ಲಿ ಉದಾರವಾದಿ ಗುರು ವಿಲ್ಹೆಲ್ಮ್ ಹೆರ್ಮನ್ ಅವರ ಪಾಠದಲ್ಲಿ ಕುಳಿತಾಗ ಅವರಿಗೆ ಕಾಲ ಕೆಳಗಿನ ನೆಲವೇ ಅಲುಗಿದಂತಾಯಿತು. ತಾನು ತಪ್ಪೆಂದು ಕಲಿತ ಬೋಧನೆಯನ್ನು ಹೇಳುತ್ತಿದ್ದ ಆ ಮನುಷ್ಯನಲ್ಲಿ ಕ್ರಿಸ್ತನ ಮೇಲೆ ತನಗಿಂತಲೂ ಆಳವಾದ ಭಕ್ತಿಯಿದ್ದುದನ್ನು ಕಂಡು ಅವರು ತಳಮಳಗೊಂಡು ಮನೆಗೆ ಪತ್ರ ಬರೆದರು. ಕೆಲವೇ ವರ್ಷಗಳಲ್ಲಿ ಅದೇ ಹೆರ್ಮನ್ ಅವರ ಶಿಷ್ಯರಾಗಿ ಬಂದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಬಾರ್ತ್. 1914ರ ಅಕ್ಟೋಬರಿನಲ್ಲಿ 93 ಜರ್ಮನ್ ವಿದ್ವಾಂಸರು ಯುದ್ಧದಲ್ಲಿ ತಮ್ಮ ದೇಶವನ್ನು ಸಮರ್ಥಿಸಿ ಪ್ರಕಟಿಸಿದ ಹೇಳಿಕೆಯಲ್ಲಿ ತಮ್ಮ ಇನ್ನೊಬ್ಬ ಗುರು, ದೇವಶಾಸ್ತ್ರಜ್ಞ ಹಾರ್ನಾಕ್ ಮತ್ತು ಹೆರ್ಮನ್ ಇಬ್ಬರ ಸಹಿಯನ್ನೂ ಕಂಡ ಬಾರ್ತ್, ಗುರುಗಳಿಂದ ಕಲಿತ ದೇವಶಾಸ್ತ್ರವೇ ಪೊಳ್ಳೆಂದು ಅದನ್ನು ಬಿಟ್ಟು ಹೊರನಡೆದರು. ಒಬ್ಬ ಶಿಷ್ಯನನ್ನು ಗುರುವಿನ ಭಕ್ತಿ ಅಲುಗಿಸಿತು, ಇನ್ನೊಬ್ಬನನ್ನು ಗುರುವಿನ ಸಹಿ. ಈ ಇಬ್ಬರನ್ನೂ ಎದುರಿಗಿಟ್ಟುಕೊಂಡ ಮೇಲೆ, ಒಂದು ಕಡೆಯವರು ಪೂರ್ತಿ ಸರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮುಂದಿನದು ಒಡಕಿನ ಕಥೆ. 1929ರಲ್ಲಿ ಪ್ರಿನ್ಸ್‌ಟನ್ನಿನ ಆಡಳಿತವನ್ನು ಬದಲಿಸಿದಾಗ ಮೇಚನ್ ಹೊರಬಂದು ಫಿಲಡೆಲ್ಫಿಯಾದಲ್ಲಿ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯನ್ನು ಕಟ್ಟಿದರು. 1936ರಲ್ಲಿ ಬೇರೆ ಸಭೆಯನ್ನೇ ಸ್ಥಾಪಿಸಿದರು. 1937ರ ಜನವರಿ 1ರಂದು ತೀರಿಕೊಂಡರು. ಸಹನೆಯ ಹೆಸರಿನಲ್ಲಿ ಗೆದ್ದವರು ಅವರನ್ನು ಸಹಿಸಲಿಲ್ಲ ಎಂಬುದನ್ನು ನನ್ನಂಥವರು ಒಪ್ಪಿಕೊಳ್ಳಲೇಬೇಕು. ಇತ್ತ ಫಾಸ್ಡಿಕ್, 1930ರಲ್ಲಿ ತೆರೆದ ಭವ್ಯವಾದ ರಿವರ್‌ಸೈಡ್ ಚರ್ಚಿನ ಪೀಠದಲ್ಲಿ ನಿಂತು 1935ರಲ್ಲಿ ಆಧುನಿಕತಾವಾದವನ್ನೂ ದಾಟಿ ಸಭೆ ಮುಂದೆ ಹೋಗಬೇಕೆಂದು ಪ್ರಸಂಗಿಸಿದರು. ಆಧುನಿಕತಾವಾದಿಗಳು ಕಾಲದ ವಿಚಾರಕ್ಕೆ ಹೊಂದಿಕೊಳ್ಳುವುದರಲ್ಲೇ ಮುಳುಗಿ ಪಾಪವನ್ನೂ ದೇವರ ಮಹಿಮೆಯನ್ನೂ ಹಗುರ ಮಾಡಿದರು ಎಂಬ ಟೀಕೆಯನ್ನು ತಮ್ಮ ಪಕ್ಷದ ಮೇಲೆ ತಾವೇ ಮಾಡಿದ್ದು ಸಣ್ಣ ಧೈರ್ಯವಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಬಂದ ನಮ್ಮಂಥ ಸಭೆಗಳಿಗೂ ಈ ತಳಮಳ ಹೊರಗಿನದಲ್ಲ. ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್, ವಿದ್ಯಾರ್ಥಿಯಾಗಿದ್ದಾಗ, ಸುವಾರ್ತೆಗಳ ಅದ್ಭುತಗಳನ್ನು ಪುರಾಣಕಥೆಗಳೆಂದ ಡೇವಿಡ್ ಸ್ಟ್ರಾಸ್ ಅವರ ವಿಚಾರಗಳಿಗೆ ಮನಸೋತು, ಆಮೇಲೆ ಭಕ್ತಿಮಾರ್ಗಕ್ಕೆ ತಿರುಗಿ ಮಿಷನರಿಯಾದವರು. ಸಂಶಯವನ್ನು ಅನುಭವಿಸಿ ಬಂದವರೂ ನಮ್ಮ ಹಿರಿಯರಲ್ಲಿದ್ದರು ಎಂಬುದನ್ನು ನಮ್ಮ ವಾರ್ಷಿಕೋತ್ಸವಗಳಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಸೆಮಿನರಿಗಳಲ್ಲಿ ಮೋಶೆಯ ಐದು ಪುಸ್ತಕಗಳ ಹಿಂದಿನ ಬೇರೆ ಬೇರೆ ಮೂಲಗಳ ವಿಚಾರ, ಯೆಶಾಯನ ಗ್ರಂಥದಲ್ಲಿ ಒಂದಕ್ಕಿಂತ ಹೆಚ್ಚು ಕಾಲದ ಬರಹಗಳಿವೆಯೆಂಬ ವಿಚಾರ ಪಾಠವಾಗಿ ಬರುತ್ತದೆ. ಓದು ಮುಗಿಸಿ ಬಂದ ಕಿರಿಯ ಪಾದ್ರಿಯೊಬ್ಬರನ್ನು, ಇದನ್ನೆಲ್ಲ ಸಭೆಯಲ್ಲಿ ಏಕೆ ಹೇಳುವುದಿಲ್ಲವೆಂದು ಒಮ್ಮೆ ಕೇಳಿದೆ. "ಅಕ್ಕಾ, ಹೇಳಿದರೆ ಮುಂದಿನ ಭಾನುವಾರ ಅರ್ಧ ಜನ ಬೇರೆ ಕಡೆ ಪ್ರಾರ್ಥನೆಗೆ ಹೋಗುತ್ತಾರೆ" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಅವರ ಮಾತು ಕೇಳಿದಾಗ ನನಗೆ ನೆನಪಾದದ್ದು ಮೇಚನ್. ಐದು ಅಂಶಗಳ ಪಟ್ಟಿ ಹಿಡಿದು ಮನುಷ್ಯರನ್ನು ಹೊರಗೆ ಹಾಕುವುದು ಎಷ್ಟು ತಪ್ಪೋ, ಕಲಿತದ್ದನ್ನು ಎದೆಯಲ್ಲಿ ಮುಚ್ಚಿಟ್ಟು ವಿಶ್ವಾಸಿಗಳನ್ನು ಮಕ್ಕಳಂತೆ ನಡೆಸಿಕೊಳ್ಳುವುದೂ ಅಷ್ಟೇ ತಪ್ಪೆಂದು ನಾನು ನಂಬುತ್ತೇನೆ.

ಆದ್ದರಿಂದ ನಮ್ಮ ಸಭೆಯ ಪಾದ್ರಿ ಅಯ್ಯನವರಲ್ಲಿ ಬಹಿರಂಗವಾಗಿಯೇ ಒಂದು ಕೋರಿಕೆ ಇಡುತ್ತಿದ್ದೇನೆ. ಬರುವ ಲೆಂಟ್ (ಈಸ್ಟರಿಗೆ ಮುಂಚಿನ ಉಪವಾಸ) ಕಾಲದ ಸತ್ಯವೇದ ಅಧ್ಯಯನದಲ್ಲಿ ಆದಿಕಾಂಡದ ಒಂದನೆಯ ಮತ್ತು ಎರಡನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿಸಿ. ಮೊದಲನೆಯದರಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ, ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿಗಳು ಬರುವುದನ್ನು ನಮಗೇ ಕಾಣಲು ಬಿಡಿ. ಅದರ ಬಗ್ಗೆ ನೀವು ತರಗತಿಯಲ್ಲಿ ಕಲಿತದ್ದನ್ನೂ ಹೇಳಿ, ಇಂದು ನೀವು ನಂಬುವುದನ್ನೂ ಹೇಳಿ. ಅವೆರಡೂ ಬೇರೆಯಾಗಿದ್ದರೆ ಹಾಗೆಂದೇ ಹೇಳಿ. ಸಿಟ್ಟಾಗಿ ಎದ್ದು ಹೋಗುವವರಿದ್ದರೆ ಅವರ ಮನೆಗೆ ನಾನೂ ನಿಮ್ಮೊಂದಿಗೆ ಬರುತ್ತೇನೆ.