ಅಮ್ಮ ಕೇಳಿದ್ದು ತೂಕ

2022ರಲ್ಲಿ ಲಂಡನ್ನಿನ ವಿ ಅಂಡ್ ಎ ಮ್ಯೂಸಿಯಂನಲ್ಲಿ ರಷ್ಯಾದ ಹೆಸರಾಂತ ಅಕ್ಕಸಾಲಿಗ ಫ್ಯಾಬರ್ಜೆಯ ಒಡವೆಗಳ ಪ್ರದರ್ಶನ ನೋಡಿ ಬಂದು ಅಮ್ಮನಿಗೆ ಫೋನ್ ಮಾಡಿದೆ. ರಷ್ಯಾದ ರಾಜರು ಈಸ್ಟರ್ ಹಬ್ಬಕ್ಕೆ ಹೆಂಡತಿಗೆ, ತಾಯಿಗೆ ಕೊಡುತ್ತಿದ್ದ ಚಿನ್ನ, ಹರಳಿನ ಮೊಟ್ಟೆಗಳಮ್ಮ ಅಂದೆ. "ಎಷ್ಟು ಗ್ರಾಂ ಇರಬಹುದೋ?" ಅಂದರು.

ನಗು ಬಂತು. ಆದರೆ ನಮ್ಮಲ್ಲಿ ಎಲ್ಲರೂ ಕೇಳುವುದು ಅದನ್ನೇ ಅಲ್ವಾ? ಬಳೆ ಇಷ್ಟವಾದ ಕೂಡಲೇ ತಕ್ಕಡಿ, ಆಮೇಲೆ ವೇಸ್ಟೇಜು, ಮಜೂರಿ ಅಂತ ಚೌಕಾಸಿ. ಕುಸುರಿಗೆ ಕೊಟ್ಟ ದುಡ್ಡು ಸುಮ್ನೆ ಹೋದ ಹಾಗೆ.

ನಾನು ಜಾಸ್ತಿ ಹೊತ್ತು ನಿಂತಿದ್ದು ಮೊಸಾಯಿಕ್ ಮೊಟ್ಟೆಯ ಮುಂದೆ. 1914ರಲ್ಲಿ ಎರಡನೇ ನಿಕೋಲಸ್ ಹೆಂಡತಿ ಅಲೆಕ್ಸಾಂಡ್ರಾಗೆ ಕೊಟ್ಟಿದ್ದು. ವಿನ್ಯಾಸ ಆಲ್ಮಾ ಪಿಲ್ ಎಂಬ ಹೆಣ್ಣುಮಗಳದ್ದು. ಅತ್ತೆ ಸೂಜಿ ಹಿಡಿದು ಕಸೂತಿ ಹಾಕುವುದನ್ನು ನೋಡುತ್ತಾ ಹೊಳೆಯಿತಂತೆ. ಪ್ಲಾಟಿನಂ ಬಲೆಯ ಪುಟಾಣಿ ಕಣ್ಣುಗಳಿಗೆ ಸರಿಯಾಗಿ ಕೂರುವಂತೆ ಕೊರೆದ ಹರಳುಗಳು, ದೂರದಿಂದ ನೋಡಿದರೆ ಥೇಟ್ ದಾರದ ಹೂವು. ಒಳಗೆ ಐದು ಮಕ್ಕಳ ಮುಖಗಳಿರುವ ಪದಕ. ಕ್ರಾಂತಿಯಾಗಿ ರಾಜಮನೆತನ ಹೋಯಿತು, ಮೊಟ್ಟೆಯೂ ಮಾರಾಟವಾಯಿತು. 1933ರಲ್ಲಿ ಬ್ರಿಟನ್ನಿನ ರಾಜ ಐದನೇ ಜಾರ್ಜ್ ಅದನ್ನು ಲಂಡನ್ನಿನ ಅಂಗಡಿಯೊಂದರಲ್ಲಿ ಕೊಂಡಿದ್ದು ಬರೀ 250 ಪೌಂಡಿಗೆ!

ತೂಕ ನೋಡುವವರು ನಾವು ಮಾತ್ರ ಅಂದುಕೊಳ್ಳಬೇಡಿ. 1887ರ ಮೊಟ್ಟೆಯೊಂದು ಕಳೆದುಹೋಗಿ, ಅಮೆರಿಕದ ಗುಜರಿ ವ್ಯಾಪಾರಿಯೊಬ್ಬನ ಕೈಗೆ ಸಿಕ್ಕಿತ್ತು. ಚಿನ್ನದ ಲೆಕ್ಕ ಹಾಕಿ ಸುಮಾರು 14,000 ಡಾಲರ್ ಕೊಟ್ಟಿದ್ದ, ಕರಗಿಸುವವರು ಅಷ್ಟು ಕೊಡಲು ಒಪ್ಪಲಿಲ್ಲ. ಅವನ ಲೆಕ್ಕ ತಪ್ಪಿದ್ದರಿಂದಲೇ ಮೊಟ್ಟೆ ಉಳಿಯಿತು. ಒಳಗಿನ ಗಡಿಯಾರದ ಕಂಪನಿಯ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಗೊತ್ತಾಯಿತು, ಕೋಟಿಗಟ್ಟಲೆ ಬೆಲೆಯದ್ದು ಅಂತ.

ಇಲ್ಲಿ ಲಂಡನ್ನಿನವರಿಗೆ ಹಳೇ ಒಡವೆ ಕರಗಿಸುತ್ತೇವೆ ಅಂದರೆ ಗಾಬರಿ. ನನಗೂ ಹಾಗೇ ಅನ್ನಿಸುತ್ತಿತ್ತು, ಅಜ್ಜಿಯ ಅವಲಕ್ಕಿ ಸರ ಯಾಕೆ ಕರಗಿಸಿದಿರಿ ಅಂತ ಅಮ್ಮನ ಜೊತೆ ಜಗಳವಾಡಿದ್ದೆ. ಆದರೆ ಅದರಿಂದ ಮಾಡಿಸಿದ ಬಳೆಗಳನ್ನೇ ಅಡ ಇಟ್ಟು ನನ್ನ ಕಾಲೇಜು ಫೀಸು ಕಟ್ಟಿದ್ದು. ಕಷ್ಟಕ್ಕೆ ಬರಬೇಕಾದ ಚಿನ್ನವನ್ನು ಗಾಜಿನ ಪೆಟ್ಟಿಗೆಯಲ್ಲಿಡು ಅನ್ನುವುದು ಅರಮನೆಯವರ ಮಾತು.

ನನ್ನ ತಕರಾರು ಬೇರೆ. ಆಲ್ಮಾ ಹೆಸರು ನೂರು ವರ್ಷದ ಮೇಲೂ ಪ್ರದರ್ಶನದ ಬೋರ್ಡಿನಲ್ಲಿತ್ತು. ಆ ಸರ ಮಾಡಿದ ಆಚಾರ್ರು ಯಾರಮ್ಮ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

"ಯಾರಿಗೆ ನೆನಪಿದೆಯೋ... 42 ಗ್ರಾಂ ಇತ್ತು ನೋಡು."