ಕಲ್ಲುಸಕ್ಕರೆ ಹಾಕಿದ ಮಣ್ಣಿ: ಒಂದು ಸ್ಪಷ್ಟನೆ

ಮಂಗಳೂರು, ಉಡುಪಿ ಕಡೆಯ ತಾಯಂದಿರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “4 ತಿಂಗಳಿಗೇ ಕಲ್ಲುಸಕ್ಕರೆ ಹಾಕಿದ ರಾಗಿ ಮಣ್ಣಿ ಶುರುಮಾಡಿ, ಬಟ್ಟಲು ಖಾಲಿಯಾಗುವ ತನಕ ತಿನ್ನಿಸಿ, ಮಗು ಗುಂಡಗಾಗುತ್ತದೆ.” ಇದು ತಪ್ಪು ಸಲಹೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಆಮೇಲೆ ಮಣ್ಣಿಯನ್ನೂ ನಿಶ್ಚಿಂತೆಯಿಂದ ಕೊಡಬಹುದು. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳ ಹಿಡಿಯದಂತೆ ಕೈಯಾಡಿಸಿ ಮಾಡುವ ನಮ್ಮ ಮಣ್ಣಿಯಲ್ಲಿ ದೋಷವೇನೂ ಇಲ್ಲ. ಸಕ್ಕರೆ, ಕಲ್ಲುಸಕ್ಕರೆ, ಬೆಲ್ಲ ಮಾತ್ರ 2 ವರ್ಷದವರೆಗೆ ಬೇಡ. ಓಲೆಬೆಲ್ಲವೂ ಸಕ್ಕರೆಯೇ. ಜೇನಂತೂ 1 ವರ್ಷದೊಳಗಿನ ಮಗುವಿಗೆ ಅಪಾಯಕಾರಿ.

ನನಗೆ ಹೆಚ್ಚು ಆತಂಕವಾದದ್ದು “ಖಾಲಿಯಾಗುವ ತನಕ” ಎಂಬ ಮಾತು ಓದಿ. ತುಟಿ ಬಿಗಿದು, ಮುಖ ತಿರುಗಿಸಿ, ಚಮಚ ತಳ್ಳುವ ಮಗು ಹೊಟ್ಟೆ ತುಂಬಿತೆಂದೇ ಹೇಳುತ್ತಿರುತ್ತದೆ. ಆಗಲೂ ಮೊಬೈಲ್ ತೋರಿಸಿ ತುರುಕುತ್ತಾ ಹೋದರೆ, ಸಾಕು ಅನ್ನುವುದನ್ನೇ ಮಗು ಮರೆಯುತ್ತದೆ. ಇದರಿಂದ ಮುಂದೆ ಬೊಜ್ಜು ಬರುವ ಸಾಧ್ಯತೆ ಹೆಚ್ಚಬಹುದು.

ಹಾಗೆಂದು ಗುಂಡಗಿರುವ ಮಗುವಿಗೆ ದಯವಿಟ್ಟು ಎದೆಹಾಲು ಕಡಿಮೆ ಮಾಡಬೇಡಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದೂ ಬೇಡ. ಅಂಗನವಾಡಿಯಲ್ಲಿ ತೂಕ ಮಾಡಿಸಿ, ಬೆಳವಣಿಗೆಯ ಪಟ್ಟಿಯಲ್ಲಿ ಗೆರೆ ಹೇಗೆ ಸಾಗಿದೆ ಎಂದು ಕಾರ್ಯಕರ್ತೆಯನ್ನೇ ಕೇಳಿ.